‘ಮಾಡಿಸಿ’ ಅಂತ ಬರೆಯಬೇಡಿ, ಅಕ್ಕೋರೆ

ಅಕ್ಕೋರೆ, ನಮಸ್ಕಾರ.

ಮನೆಯಲ್ಲಿ ಯಾರಾದರೂ ತೀರಿಕೊಂಡಾಗ ಮಕ್ಕಳು ಅವರ ನೆನಪನ್ನು ಹೇಗೆ ಇಟ್ಟುಕೊಳ್ಳಬಹುದು ಅಂತ ನೀವು ಗದಗಿನಿಂದ ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ವಿಷಯ ಒಳ್ಳೆಯದು. ನೆನಪಿನ ಡಬ್ಬಿ, ಫೋಟೋ ಅಂಟಿಸಿದ ವಹಿ, ಸತ್ತವರಿಗೆ ಪತ್ರ, ಎಲ್ಲವೂ ಯಾವ ಮನೆಯಲ್ಲೂ ಆಗುವಂಥವು. ಆದರೂ ಹೀಗೇ ಅಚ್ಚು ಹಾಕಲಾರೆ. ಎರಡು ಸಂಗತಿ ನಿನ್ನೆ ರಾತ್ರಿಯಿಂದ ನನ್ನನ್ನು ಕಾಡುತ್ತಿವೆ.

‘ಅಮ್ಮ ದೀರ್ಘ ನಿದ್ರೆಗೆ ಜಾರಿದ್ದಾಳೆ, ದೇವರ ಮನೆಗೆ ಹೋಗಿದ್ದಾಳೆ ಎಂದು ಮಗುವಿಗೆ ಮೃದುವಾಗಿ ತಿಳಿಸಿ’ ಅಂದಿದ್ದೀರಿ. ಬೇಡ. ಸಣ್ಣ ಮಗುವಿಗೆ ನಿದ್ದೆ ಅಂದರೆ ನಿದ್ದೆಯೇ. ಮಲಗಿದ ಅವ್ವ ಏಳಲಿಲ್ಲ, ಹಾಗಾದರೆ ನಾನು ಮಲಗಿದರೆ? ಅಂತ ಅದು ರಾತ್ರಿ ಕಣ್ಣು ಬಿಟ್ಟುಕೊಂಡೇ ಇರುತ್ತದೆ. ಇನ್ನು ದೇವರ ಮನೆ. ನಮ್ಮ ಮನೆಗಳಲ್ಲಿ ಅದು ಅಡಿಗೆಮನೆಯ ಪಕ್ಕದಲ್ಲೇ ಇರುತ್ತದೆ. ಒಳಗೆ ಹೋದವಳು ಹೊರಗೆ ಬರಬೇಕಲ್ವಾ? ಸತ್ತವರು ತಿರುಗಿ ಬರುವುದಿಲ್ಲ ಅನ್ನುವುದು ಹೆಚ್ಚಿನ ಮಕ್ಕಳಿಗೆ 5ರಿಂದ 7 ವರ್ಷದ ಹೊತ್ತಿಗೆ ನಿಧಾನವಾಗಿ ತಿಳಿಯುತ್ತದೆ. ಅದಕ್ಕಿಂತ ಸಣ್ಣವು ‘ಅವ್ವ ಯಾವಾಗ ಬರ್ತಾಳ?’ ಅಂತ ಮತ್ತೆ ಮತ್ತೆ ಕೇಳುತ್ತವೆ. ಪ್ರತಿ ಸಲವೂ ಒಂದೇ ಉತ್ತರ ಬೇಕು. ‘ಅವ್ವ ಸತ್ತಾಳ. ಆಕಿ ಬರೂದಿಲ್ಲ.’ ಹೇಳುವಾಗ ಮಗು ನಿಮ್ಮ ತೊಡೆಯ ಮೇಲಿರಲಿ. ಮೃದು ಅನ್ನುವುದು ಅಲ್ಲಿ ಇರಬೇಕು.

ನಾನೂ ಹೀಗೇ ಬರೆಯುತ್ತಿದ್ದೆ. ಹುಬ್ಬಳ್ಳಿಯ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ ಹೊಸತು. ಅಚ್ಚಿನ ಅಕ್ಷರದ ಮೊಳೆ ಜೋಡಿಸುತ್ತಿದ್ದ ಒಬ್ಬರು ತೀರಿಕೊಂಡರು. ‘ಕಾಲನ ಕರೆಗೆ ಓಗೊಟ್ಟರು’ ಅಂತ ಬರೆದುಕೊಟ್ಟೆ. ಹಿರಿಯ ಸಂಪಾದಕರು ಹಾಳೆ ವಾಪಸ್ ಕೊಟ್ಟು, ‘ಅವನ ಮಗಾ ಇದನ್ನ ಓದತಾನ. ಅವಂಗ ತಿಳಿಯೂ ಹಂಗ ಬರಿ’ ಅಂದರು. ಅಪ್ಪನ ಊಟದ ಡಬ್ಬಿ ಒಯ್ಯಲು ಆ ಹುಡುಗ ಅವತ್ತೇ ಬಂದಿದ್ದ. ಅಪ್ಪನ ಹೆಸರಿನ ಅಕ್ಷರದ ಮೊಳೆಗಳನ್ನು ಕೊಡೋಣ ಅಂತ ನಾವು ಹುಡುಕುತ್ತಿದ್ದೆವು. ಅವನು ಮೊಳೆ ಮುಟ್ಟಲಿಲ್ಲ. ಮಸಿ ಒರೆಸುವ ಹಳೇ ಬಟ್ಟೆ ಕೇಳಿದ. ಸೀಮೆಎಣ್ಣೆ ವಾಸನೆ ಹೊಡೆಯುತ್ತಿತ್ತು. ಅಪ್ಪ ಮನೆಗೆ ಬಂದಾಗ ಬರುತ್ತಿದ್ದ ವಾಸನೆ ಅದೇ.

ಅದಕ್ಕೇ ನಿಮ್ಮ ಕ್ರಿಯಾಪದಗಳ ಮೇಲೆ ನನಗೆ ಸಿಟ್ಟು. ‘ಡಬ್ಬಿ ಮಾಡಿಸಿ, ಪತ್ರ ಬರೆಸಿ, ಚಿತ್ರ ತೆಗೆಸಿ, ಎಲ್ಲರ ಮುಂದೆ ಹೇಳಿಸಿ.’ ಇಡೀ ಲೇಖನದಲ್ಲಿ ಮಗು ತಾನಾಗಿ ಮಾಡಿದ್ದು ಏನೂ ಇಲ್ಲ. ಇದು ಹೋಮ್‌ವರ್ಕ್ ಆಯಿತು. ‘ಆಕರ್ಷಕ ಬಣ್ಣದ ಕಾಗದದಿಂದ ಡಬ್ಬಿ ಅಲಂಕರಿಸಿ.’ ಯಾರಿಗೆ ಆಕರ್ಷಕ? ಚಪ್ಪಲಿ ಅಂಗಡಿಯ ರಟ್ಟಿನ ಡಬ್ಬಿ ಸಾಕು. ಅದರಲ್ಲಿ ಮಗು ಹರಿದ ಬಸ್ ಟಿಕೆಟ್ ಹಾಕಿದರೆ ಹಾಕಲಿ, ಯಾಕೆ ಅಂತ ಕೇಳಬೇಡಿ. ‘ಪತ್ರದಲ್ಲಿ ಸಿಹಿ ನೆನಪುಗಳನ್ನು ಮಾತ್ರ ಬರೆಸಿ.’ ಮಾತ್ರ ಯಾಕೆ? ನಾನು ಜಗಳ ಮಾಡಿದ್ದಕ್ಕೇ ಅಪ್ಪ ಸತ್ತ ಅಂತ ಒಳಗೊಳಗೇ ನಂಬಿಕೊಂಡ ಮಕ್ಕಳಿರುತ್ತಾರೆ. ಪತ್ರದಲ್ಲಿ ಅದು ಹೊರಗೆ ಬಂದರೆ ತಾನೇ, ‘ನಿನ್ನಿಂದ ಆದದ್ದಲ್ಲ’ ಅಂತ ನಾವು ಹೇಳಲು ಆಗುವುದು?

ಕೊನೆಯ ಪುಟದಲ್ಲಿ, ಒಂದೇ ಸಾಲಿನಲ್ಲಿ, ನಿಮ್ಮ ಶಾಲೆಯ ನಾಲ್ಕನೇ ಇಯತ್ತೆಯ ಹುಡುಗ ಬರುತ್ತಾನೆ. ತೀರಿಕೊಂಡ ಅವ್ವನ ಸೀರೆಗಳಿಂದ ಅಜ್ಜಿ ಕೌದಿ ಹೊಲಿಯುತ್ತಾಳೆ, ಅಜ್ಜಿಗೆ ಕಣ್ಣು ಮಂಜು, ಸೂಜಿಗೆ ದಾರ ಪೋಣಿಸಿ ಕೊಡುವವನು ಅವನು. ಅಷ್ಟು ಬರೆದು ನೀವು ಮುಂದೆ ಹೋಗಿಬಿಟ್ಟಿರಿ. ನಾನು ಅಲ್ಲೇ ನಿಂತೆ. ಯಾವ ಸೀರೆಯನ್ನಾದರೂ ಕತ್ತರಿಸಬೇಡ ಅಂದನಾ? ಇಳಕಲ್ ಸೀರೆಯ ಕೆಂಪು ಸೆರಗು ಇತ್ತಾ? ಇದ್ದರೆ ಎಲ್ಲಿ ಬಂತು, ನಡುವಿಗೋ ಅಂಚಿಗೋ? ಕೌದಿ ಒಂದು ದಿನದಲ್ಲಿ ಮುಗಿಯುವ ಕೆಲಸವಲ್ಲ. ಅಷ್ಟು ದಿನ ಅಜ್ಜಿ, ಮೊಮ್ಮಗ ಏನು ಮಾತಾಡಿದರು? ಈಗ ಅದನ್ನು ಹೊದ್ದುಕೊಳ್ಳುತ್ತಾನಾ, ಮಡಚಿ ಇಟ್ಟಿದ್ದಾನಾ?

ಅವರ ಮನೆಗೆ ಒಮ್ಮೆ ಹೋಗಿ ಬನ್ನಿ. ಹುಡುಗನಿಗೆ ಪ್ರಶ್ನೆ ಕೇಳಬೇಡಿ, ಸುಮ್ನೆ ಪಕ್ಕದಲ್ಲಿ ಕೂತುಕೊಳ್ಳಿ. ಬರೆಯುವ ಮೊದಲು ಅಜ್ಜಿಯ ಒಪ್ಪಿಗೆ ಪಡೆಯಿರಿ, ಹುಡುಗನ ಹೆಸರು ಹಾಕಬೇಡಿ. ಎರಡು ಪುಟ ಸಾಕು. ದೀಪಾವಳಿ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.