ಬಸಿರಾಗಲು ನುಂಗಿದ ಮಾತ್ರೆ ಮಗುವಿಗೆ ತಟ್ಟುತ್ತದೆಯೇ?

ಪ್ರಶ್ನೆ: ಮುಟ್ಟಿನ ಎರಡನೇ ದಿನದಿಂದ ಐದು ದಿನ, ಅಂಡಾಣು ಬೆಳೆಸಲು ಕೊಡುವ ಲೆಟ್ರೊಜೋಲ್ 2.5 ಮಿ.ಗ್ರಾಂ. ತೆಗೆದುಕೊಂಡೆ. ಈಗ ಟೆಸ್ಟ್ ಪಾಸಿಟಿವ್ ಬಂದಿದೆ. ಆದರೆ ಪೊಟ್ಟಣದೊಳಗಿನ ಚೀಟಿಯಲ್ಲಿ ‘ಗರ್ಭಿಣಿಯರು ಸೇವಿಸಬಾರದು’ ಎಂದಿದೆ. ಭಯವಾಗುತ್ತಿದೆ ಡಾಕ್ಟರ್.

ಉತ್ತರ: ಚೀಟಿಯ ಮಾತು ನಿಜ. ಆದರೆ ಆ ಎಚ್ಚರಿಕೆ ಬಸಿರು ನಿಂತ ಮೇಲೆ ನುಂಗುವವರಿಗೆ. ನೀವು ಕೊನೆಯ ಮಾತ್ರೆ ನುಂಗಿದ್ದು ಆರನೇ ದಿನ. ಲೆಟ್ರೊಜೋಲ್ ರಕ್ತದಲ್ಲಿ ಸುಮಾರು ಎರಡು ದಿನಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ. ಅಂಡಾಣು ಹೊರಬರುವುದು ಹದಿನಾಲ್ಕನೇ ದಿನದ ಆಸುಪಾಸಿನಲ್ಲಿ, ಭ್ರೂಣ ಗರ್ಭಕೋಶಕ್ಕೆ ಅಂಟುವುದು ಇನ್ನೊಂದು ವಾರ ಕಳೆದ ಮೇಲೆ. ಅಷ್ಟರಲ್ಲಿ ಮಾತ್ರೆ ಹೆಚ್ಚುಕಡಿಮೆ ದೇಹದಿಂದ ಖಾಲಿಯಾಗಿರುತ್ತದೆ. ಮಗುವಿನ ಹೃದಯ, ಕೈಕಾಲು ರೂಪುಗೊಳ್ಳುವುದು ಅದಕ್ಕೂ ಆಮೇಲೆ.

ಈ ಮಾತ್ರೆಯ ಬಗ್ಗೆ ಅನುಮಾನ ಬಲವಾದದ್ದು 2005ರಲ್ಲಿ ವೈದ್ಯರ ಸಮ್ಮೇಳನವೊಂದರಲ್ಲಿ ಮಂಡನೆಯಾದ ಸಣ್ಣ ವರದಿಯಿಂದ. ಮರುವರ್ಷವೇ ಕೆನಡಾದಲ್ಲಿ, ಲೆಟ್ರೊಜೋಲ್ ಅಥವಾ ಅದೇ ಕೆಲಸಕ್ಕೆ ಕೊಡುವ ಇನ್ನೊಂದು ಮಾತ್ರೆ ಕ್ಲೋಮಿಫೀನ್ ತೆಗೆದುಕೊಂಡು ಬಸಿರಾದವರ 911 ಶಿಶುಗಳನ್ನು ಹೋಲಿಸಿ ನೋಡಿದರು. ಲೆಟ್ರೊಜೋಲ್ ಕಡೆ ಹುಟ್ಟುದೋಷ ಹೆಚ್ಚೇನೂ ಕಾಣಲಿಲ್ಲ. ಕ್ಲೋಮಿಫೀನ್ ಇದಕ್ಕಿಂತ ನಿಧಾನ, ಅದರ ಒಂದಂಶ ವಾರಗಟ್ಟಲೆ ಮೈಯಲ್ಲಿ ಉಳಿಯುತ್ತದೆ. ಹಾಗಿದ್ದರೂ ಹುಟ್ಟಿದ ಮಕ್ಕಳಲ್ಲಿ ದೋಷ ಒಟ್ಟಾರೆ ಹೆಚ್ಚಿದ್ದು ಕಂಡುಬಂದಿಲ್ಲ.

ನಿಜಕ್ಕೂ ಎಡವಟ್ಟಾಗುವುದು ಬೇರೆ ಕಡೆ. ಭ್ರೂಣ ಅಂಟುವಾಗ ಕೆಲವರಿಗೆ ಕಂದು ಬಣ್ಣದ ಕಲೆ ಕಾಣುತ್ತದೆ, ಒಂದೆರಡು ದಿನದಲ್ಲಿ ನಿಲ್ಲುತ್ತದೆ. ಅದನ್ನೇ ಮುಟ್ಟೆಂದು ಎಣಿಸಿ ‘ಎರಡನೇ ದಿನ’ದ ಮಾತ್ರೆ ಶುರುಮಾಡಿಬಿಡುತ್ತಾರೆ. ಸ್ರಾವ ಎಂದಿಗಿಂತ ಕಡಿಮೆಯಿದ್ದರೆ, ಮೊದಲ ಮಾತ್ರೆಗೆ ಮುಂಚೆ ಮೂತ್ರ ಪರೀಕ್ಷೆ ಮಾಡಿಯೇ ತೀರಬೇಕು. ಗೊತ್ತಿಲ್ಲದೆ ನುಂಗಿಬಿಟ್ಟಿದ್ದರೆ ಕೂಡಲೇ ನಿಲ್ಲಿಸಿ, ಎಷ್ಟು ಮಾತ್ರೆ, ಯಾವ ತಾರೀಕು ಎಂದು ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಿ. ಅಷ್ಟಕ್ಕೇ ಗರ್ಭ ತೆಗೆಸುವ ಮಾತು ಬೇಡ.

ಪ್ರಶ್ನೆ: ಅಂಡಾಣು ಬಿಡುಗಡೆಗೆ ಕೊಡುವ ಎಚ್‌ಸಿಜಿ ಹಾರ್ಮೋನ್ ಇಂಜೆಕ್ಷನ್ ಆಗಿ ಏಳನೇ ದಿನಕ್ಕೆ ಮನೆಯಲ್ಲಿ ಎರಡು ಗೆರೆ ಬಂತು. ಹದಿನಾಲ್ಕನೇ ದಿನ ಒಂದೇ ಗೆರೆ. ಗರ್ಭ ಹೋಯಿತೇ?

ಉತ್ತರ: ಬಹುಶಃ ನಿಂತೇ ಇರಲಿಲ್ಲ. ಟೆಸ್ಟ್ ಕಡ್ಡಿ ಹುಡುಕುವುದೂ ಎಚ್‌ಸಿಜಿಯನ್ನೇ. 5,000ದಿಂದ 10,000 ಯೂನಿಟ್ ಚುಚ್ಚಿದ್ದು ಹತ್ತು ಹನ್ನೆರಡು ದಿನದವರೆಗೂ ಮೂತ್ರದಲ್ಲಿ ಕಾಣಿಸಬಹುದು. ಎರಡು ವಾರ ತುಂಬುವವರೆಗೆ ಕಡ್ಡಿ ಮುಟ್ಟಬೇಡಿ. ಮುಟ್ಟು ಇನ್ನೂ ಬಾರದಿದ್ದರೆ ರಕ್ತಪರೀಕ್ಷೆ ಮಾಡಿಸಿ.

ಪ್ರಶ್ನೆ: ಏಳು ವಾರ ಆಗಿದೆ. ಪ್ರೊಜೆಸ್ಟರಾನ್ ಕ್ಯಾಪ್ಸೂಲ್ ಒಳಗಿಟ್ಟುಕೊಂಡರೆ ಬಿಳಿ ಹಿಟ್ಟಿನಂತೆ ಹೊರಬರುತ್ತದೆ. ಕೆಲಸ ಮಾಡುತ್ತಿದೆಯೇ? ನಿಲ್ಲಿಸಬಹುದೇ?

ಉತ್ತರ: ಹೊರಬರುವುದು ಮದ್ದನ್ನು ಹೊತ್ತಿದ್ದ ಎಣ್ಣೆ, ಹೊದಿಕೆಯ ಉಳಿಕೆ. ಒಳಗಿಟ್ಟ ಮೇಲೆ ಅರ್ಧ ಗಂಟೆ ಮಲಗಿ, ಪ್ಯಾಡ್ ಇಟ್ಟುಕೊಳ್ಳಿ. ಇದು ನಿಮ್ಮ ಅಂಡಾಶಯವೇ ತಯಾರಿಸುವ ಹಾರ್ಮೋನಿನ ನಕಲು, ಆದ್ದರಿಂದ ಬಸಿರಿನಲ್ಲೂ ಮುಂದುವರಿಸುತ್ತಾರೆ. ಇದನ್ನೂ ನೊರೆಥಿಸ್ಟೆರಾನನ್ನೂ ಒಂದೇ ಎಂದುಕೊಳ್ಳಬೇಡಿ. ಮುಟ್ಟು ಮುಂದೂಡಲು ಕೊಡುವ ಆ ಮಾತ್ರೆ ಬಸಿರಿಗೆ ಸಲ್ಲದು.

ಯಾವಾಗ ನಿಲ್ಲಿಸಬೇಕೆಂಬುದು ಗರ್ಭ ನಿಂತ ಬಗೆಯ ಮೇಲಿದೆ. ಸಹಜವಾಗಿ ಅಂಡಾಣು ಬಿಡುಗಡೆಯಾಗಿದ್ದರೆ ಅದು ಬಿಟ್ಟ ಜಾಗದಲ್ಲಿ ಹಾರ್ಮೋನ್ ಒಸರುವ ಹಳದಿ ಗಂಟು ಉಳಿದಿರುತ್ತದೆ. ಗರ್ಭಕೋಶದ ಒಳಪದರ ಬೆಳೆಸುವ ಎಸ್ಟ್ರಾಡಿಯೋಲ್ ಮಾತ್ರೆ ಕೊಟ್ಟು ಹೆಪ್ಪುಗಟ್ಟಿಸಿದ ಭ್ರೂಣ ಇಟ್ಟಿದ್ದರೆ ಆ ಗಂಟೇ ಇರುವುದಿಲ್ಲ, ಕ್ಯಾಪ್ಸೂಲೇ ಗತಿ. ಮಾಸು ಈ ಜವಾಬ್ದಾರಿ ವಹಿಸಿಕೊಳ್ಳುವುದು ಏಳರಿಂದ ಒಂಬತ್ತು ವಾರದಲ್ಲಿ. ಆದ್ದರಿಂದ ಹತ್ತು ವಾರದ ತನಕವೋ ಅದಕ್ಕಿಂತ ತುಸು ಹೆಚ್ಚೋ ಕೊಡುವುದು ರೂಢಿ. ಏಳನೇ ವಾರದಲ್ಲಿ ನೀವಾಗಿ ನಿಲ್ಲಿಸಬೇಡಿ. ಒಂದು ಹೊತ್ತು ತಪ್ಪಿದರೆ ನೆನಪಾದಾಗ ಇಟ್ಟುಕೊಳ್ಳಿ, ಎರಡು ಒಟ್ಟಿಗೆ ಬೇಡ.

ಪ್ರಶ್ನೆ: ಮಗುವಿಗೆ ಹತ್ತು ತಿಂಗಳು, ಎದೆಹಾಲು ಕೊಡುತ್ತಿದ್ದೇನೆ. ಎರಡನೆಯದಕ್ಕೆ ಚಿಕಿತ್ಸೆ ಶುರುಮಾಡಬಹುದೇ? ಪ್ರೊಲ್ಯಾಕ್ಟಿನ್ ಹೆಚ್ಚಿದೆಯೆಂದು ಕ್ಯಾಬರ್ಗೊಲಿನ್ ಬರೆದಿದ್ದಾರೆ.

ಉತ್ತರ: ಹಾಲೂಡಿಸುವ ತಾಯಿಗೆ ಪ್ರೊಲ್ಯಾಕ್ಟಿನ್ ಹೆಚ್ಚಿರಲೇಬೇಕು, ಹಾಲು ಬರುವುದೇ ಅದರಿಂದ. ಅದಕ್ಕೆ ಕ್ಯಾಬರ್ಗೊಲಿನ್ ತೆಗೆದುಕೊಂಡರೆ ಹಾಲು ಬತ್ತುತ್ತದೆ. ಹಾಲು ನಿಲ್ಲಿಸಲು ಕೊಡುವ ಮದ್ದೂ ಇದೇ. ಪರೀಕ್ಷೆಗೆ ರಕ್ತ ಕೊಡುವಾಗ ಹಾಲೂಡಿಸುತ್ತಿರುವ ವಿಷಯ ಹೇಳಿದ್ದಿರಾ? ಮೊದಲು ಅದನ್ನು ತಿಳಿಸಿ.

ಕ್ಲೋಮಿಫೀನ್ ಕೂಡ ಹಾಲು ತಗ್ಗಿಸುತ್ತದೆ. ಲೆಟ್ರೊಜೋಲ್ ಈಸ್ಟ್ರೋಜನ್ ಇಳಿಸುವ ಮದ್ದು. ಅದನ್ನು ತೆಗೆದುಕೊಳ್ಳುವಾಗಲೂ ಕೊನೆಯ ಮಾತ್ರೆಯ ನಂತರ ಮೂರು ವಾರವೂ ಎದೆಹಾಲು ಬೇಡವೆಂಬುದು ಔಷಧ ಸೂಚನೆ. ಅಂಡಾಣು ಬೆಳೆಸುವ ಎಫ್‌ಎಸ್‌ಎಚ್ ಹಾರ್ಮೋನಿನ ಇಂಜೆಕ್ಷನ್ ದೊಡ್ಡ ಪ್ರೋಟೀನು, ಹಾಲಿಗೆ ಇಳಿಯುವುದೇ ಕಷ್ಟ, ಇಳಿದರೂ ಮಗುವಿನ ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ. ಆದರೆ ಅದರಿಂದ ಏರುವ ಈಸ್ಟ್ರೋಜನ್ ಹಾಲು ತಗ್ಗಿಸಬಹುದು. ಸಕ್ಕರೆ ಹತೋಟಿಯ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಂದುವರಿಸಬಹುದು, ಹಾಲಿಗೆ ಸೇರುವುದು ತೀರಾ ಅಲ್ಪ.

ನನ್ನನ್ನು ಕೇಳಿದರೆ ಮೊದಲು ನೋಡಬೇಕಾದದ್ದು ಮುಟ್ಟನ್ನು. ಅದು ಕ್ರಮವಾಗಿ ಬರುತ್ತಿದ್ದರೆ ಅಂಡಾಣು ಬಹುಪಾಲು ತಾನೇ ಬಿಡುಗಡೆಯಾಗುತ್ತಿರುತ್ತದೆ. ಮುಟ್ಟು ಬಂದೇ ಇಲ್ಲವಾದರೆ ರಾತ್ರಿ ಹಾಲು ಕಡಿಮೆ ಮಾಡಿ ನೋಡಿ, ಅಂಡಾಣುವನ್ನು ತಡೆಹಿಡಿಯುವುದರಲ್ಲಿ ರಾತ್ರಿಯ ಹಾಲಿನ ಪಾಲು ದೊಡ್ಡದು. ಮೂರು ನಾಲ್ಕು ದಿನಕ್ಕೊಂದು ಸರದಿ ಬಿಡಿಸಿ. ಒಮ್ಮೆಲೇ ನಿಲ್ಲಿಸಿದರೆ ಎದೆ ಕಲ್ಲಾಗಿ ಜ್ವರ ಬರಬಹುದು.