ಇಲಿ ಓಡಿದ್ದೂ ಕುರಿಮರಿ ಓಡಿದ್ದೂ ಒಂದೇ ಅಲ್ಲ

ಹೊಸದುರ್ಗದಿಂದ ಹಿರಿಯ ಓದುಗರೊಬ್ಬರು ಬರೆದಿದ್ದಾರೆ. ಆರನೇ ಕ್ಲಾಸಿನ ಮೊಮ್ಮಗಳು ಇಂಗ್ಲಿಷ್ ಪರೀಕ್ಷೆಯಲ್ಲಿ, ಬೆಕ್ಕನ್ನು ಕಂಡ ಇಲಿ ‘ಸ್ಕ್ಯಾಂಪರ್’ ಮಾಡಿತು ಅಂತ ಬರೆದಳಂತೆ. ಟೀಚರು ಅದನ್ನು ಹೊಡೆದುಹಾಕಿ ‘ಸ್ಕರಿ’ ಅಂತ ತಿದ್ದಿ, ಒಂದು ಅಂಕ ಕಳೆದರಂತೆ. “ಡಿಕ್ಷನರಿಯಲ್ಲಿ ಎರಡಕ್ಕೂ ‘ಬೇಗ ಓಡು’ ಅಂತಲೇ ಇದೆ. ನಮಗೆ ‘ಓಡು’ ಒಂದೇ ಸಾಕು, ಅವರಿಗೇಕೆ ಎರಡು?” ಇದು ಅವರ ಪ್ರಶ್ನೆ.

ಹಿರಿಯರೇ, ಅಂಕ ಕಳೆದದ್ದು ಜಾಸ್ತಿಯಾಯ್ತು, ಒಪ್ಪುತ್ತೇನೆ. ಎರಡೂ ಪುಟ್ಟ ಕಾಲುಗಳ ಓಟವೇ. ಇಂಗ್ಲಿಷಿನವರೂ ಎಷ್ಟೋ ಸಲ ಒಂದರ ಜಾಗದಲ್ಲಿ ಇನ್ನೊಂದನ್ನು ಹೇಳುತ್ತಾರೆ. ಆದರೆ ನಮಗೆ ‘ಓಡು’ ಒಂದೇ ಸಾಕು ಅಂದಿರಲ್ಲ, ಆ ಮಾತು ಮಾತ್ರ ನನ್ನಿಂದ ನುಂಗಲಾಗುತ್ತಿಲ್ಲ.

ಹೋದ ವಾರ ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ನಿಂತಿದ್ದೆ. ಮೂಲೆಯ ಚೀಲ ಎಳೆದರು. ಹಿಂದೆ ಅಡಗಿದ್ದ ಇಲಿ ಗೋಡೆಗೆ ಮೈ ಒತ್ತಿಕೊಂಡು ಗುಡುಗುಡು ಓಡಿತು. ಬೆನ್ನು ಅಲುಗಲಿಲ್ಲ, ಕಾಲು ಕಾಣಲಿಲ್ಲ. ಸಂದು ಸಿಕ್ಕಿದ್ದೇ ಮಾಯ. ಅದು ಸ್ಕರಿ. ಅದರಲ್ಲಿ ಅವಸರ ಇದೆ, ಅಂಜಿಕೆ ಇದೆ.

ಈಗ ಚಳ್ಳಕೆರೆ ಕಡೆಯ ಹಟ್ಟಿಗೆ ಬನ್ನಿ. ಸಂಜೆ ಕುರಿಗಳು ಮೇದು ಬರುವ ಹೊತ್ತು. ರೊಪ್ಪದ ಬಾಗಿಲು ತೆಗೆದರೆ ಸಾಕು, ಮರಿಗಳು ಚಂಗಚಂಗನೆ ನೆಗೆಯುತ್ತಾ ತಾಯಿ ಹುಡುಕಿಕೊಂಡು ಓಡುತ್ತವೆ. ಒಂದು ಮರಿ ಹಾಲನ್ನೂ ಮರೆತು ಕಲ್ಲು ಹತ್ತುತ್ತದೆ, ಧುಮುಕುತ್ತದೆ, ಮತ್ತೆ ಹತ್ತುತ್ತದೆ. ಅದು ಸ್ಕ್ಯಾಂಪರ್.

ಮೊಮ್ಮಗಳ ಪರವಾಗಿ ಒಂದು ಮಾತು. 17ನೇ ಶತಮಾನದಲ್ಲಿ ಸ್ಕ್ಯಾಂಪರ್ ಅಂದರೆ ಕಾಲ್ಕೀಳುವುದೇ ಆಗಿತ್ತು. ಆಟದ ಹುರುಪು ಸೇರಿದ್ದು ಆಮೇಲೆ. ಸ್ಕರಿಯ ಕಥೆ ಇನ್ನೂ ಚೆಂದ. ಇಂಗ್ಲಿಷಿನಲ್ಲಿ ‘ಹರಿ’ ಅಂದರೆ ಅವಸರ. ನಾವು ‘ಅವಸರ ಗಿವಸರ’ ಅಂದ ಹಾಗೆ ಅವರು 18ನೇ ಶತಮಾನದಲ್ಲಿ ‘ಹರಿ-ಸ್ಕರಿ’ ಅಂದರು. ಬಾಲಕ್ಕೆ ಬಂದ ಆ ಸದ್ದು ಮುಂದಿನ ಶತಮಾನದಲ್ಲಿ ತಾನೇ ಒಂದು ಮಾತಾಗಿ ನಿಂತಿತು.

ಇಂಗ್ಲಿಷಿನವರು ಓಟದ ಬಗೆಯನ್ನು ಕ್ರಿಯಾಪದದ ಹೊಟ್ಟೆಯೊಳಗೇ ಇಡುತ್ತಾರೆ. ನಾವು ಅದನ್ನು ಸದ್ದು ಮಾಡಿ ಮುಂದೆ ಕೂರಿಸುತ್ತೇವೆ. ಹಾವು ಸರ್ರನೆ, ಎಮ್ಮೆ ದಡದಡ, ಬಸ್ಸಿಗೆ ಹೊರಟವರು ಬಿರಬಿರ. ನಮ್ಮಜ್ಜಿ ಒಂದು ದಿನವೂ ಬರೀ ‘ಓಡಿ ಬಾ’ ಅಂದವಳಲ್ಲ. ‘ಬಿರ್ರನೆ ಹೋಗಿ ಸರ್ರನೆ ಬಾ’ ಅನ್ನುತ್ತಿದ್ದಳು. ಕಿಟೆಲ್ ಅವರು ಪರದೇಶದಿಂದ ಬಂದವರು. 1894ರ ತಮ್ಮ ನಿಘಂಟಿನಲ್ಲಿ ಇಂಥ ಸದ್ದಿನ ಮಾತುಗಳಿಗೂ ಜಾಗ ಕೊಟ್ಟರು. ನಮ್ಮ ಶಾಲೆಗಳು ಅವನ್ನು ‘ಅನುಕರಣಾವ್ಯಯ’ ಅಂತ ಬಾಯಿಪಾಠ ಮಾಡಿಸಿ ಕೈತೊಳೆದುಕೊಳ್ಳುತ್ತವೆ. ಇಂಗ್ಲಿಷ್ ಪೀರಿಯಡ್ಡಿನಲ್ಲಂತೂ ಕನ್ನಡ ಬಾಯಿಗೆ ಬಂದರೆ ಗದರಿಕೆ. ‘ಸ್ಕರಿ ಅಂದ್ರೆ ಗುಡುಗುಡು, ಸ್ಕ್ಯಾಂಪರ್ ಅಂದ್ರೆ ಚಂಗಚಂಗ’ ಅಂತ ಒಂದೇ ಒಂದು ಸಲ ಹೇಳಿದ್ದರೆ ಆ ಹುಡುಗಿ ಜನ್ಮದಲ್ಲಿ ಮರೆಯುತ್ತಿದ್ದಳೇ? ಮನೆಯ ಮಾತನ್ನು ಬಾಗಿಲಲ್ಲೇ ಬಿಡಿಸಿ, ಒಳಗೆ ಕೂರಿಸಿ ‘ಬೇಗ ಓಡು’ ಅಂತ ಉರುಹೊಡೆಸಿದರೆ ಎರಡು ಭಾಷೆಯೂ ಬರುವುದಿಲ್ಲ. ಇದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಆ ಒಂದು ಅಂಕಕ್ಕೆ ಶಾಲೆಗೆ ಹೋಗಿ ಜಗಳ ಆಡಬೇಡಿ. ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿಮ್ಮೂರಲ್ಲಿ ಯಾವ ಪ್ರಾಣಿ ಹೇಗೆ ಓಡುತ್ತದೆ ಅಂತ ಅವಳ ಕೈಯಲ್ಲೇ ಬರೆಸಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅವಳ ಹೆಸರಿನಲ್ಲೇ ಹಾಕುತ್ತೇವೆ.