ಕಿಟಕಿ ಕಡೆ ಮುಖ ಮಾಡಿ ಕೂತು ಫೋನ್ ಮಾಡು

ಈ ವಾರಕ್ಕೆ ಬೇರೆ ಎರಡು ಪತ್ರಗಳಿಗೆ ಉತ್ತರ ಬರೆದಿಟ್ಟಿದ್ದೆ. ಒಂದು ಅತ್ತೆಯ ಜಗಳ, ಇನ್ನೊಂದು ಆಸ್ತಿಯ ಜಗಳ. ಎರಡೂ ಮುಂದಿನ ವಾರಕ್ಕೆ ಇರಲಿ. ಅವು ಎಲ್ಲಿಗೂ ಓಡಿಹೋಗುವುದಿಲ್ಲ. ಆಕ್ಸ್‌ಫರ್ಡ್‌ನಿಂದ ಬಂದ ಒಂದು ಪತ್ರದ ಎರಡು ಸಾಲು ಮೂರು ದಿನದಿಂದ ನನ್ನ ತಲೆ ತಿನ್ನುತ್ತಿದೆ. ಅದಕ್ಕೆ ಮೊದಲು ಉತ್ತರ ಬರೆದು ಮುಗಿಸುತ್ತೇನೆ.

ಬರೆದವಳಿಗೆ ಇಪ್ಪತ್ತು ವರ್ಷ. ಹಾಗಾಗಿ ನೀನು ಅಂತಲೇ ಕರೆಯುತ್ತೇನೆ ಮಗಳೇ, ಬೇಜಾರು ಮಾಡಿಕೊಳ್ಳಬೇಡ.

ಓದುಗರಿಗೆ ವಿಷಯ ಇಷ್ಟು. ಈ ಹುಡುಗಿ ಆಕ್ಸ್‌ಫರ್ಡ್‌ನಲ್ಲಿ ಪಿಪಿಇ ಓದುತ್ತಿದ್ದಾಳೆ. ಅಂದರೆ ತತ್ತ್ವಶಾಸ್ತ್ರ, ರಾಜಕೀಯ, ಅರ್ಥಶಾಸ್ತ್ರ ಮೂರೂ ಸೇರಿದ ಡಿಗ್ರಿ. ಮೂರು ವರ್ಷದ ಕೋರ್ಸು, ಈಗ ಎರಡನೇ ವರ್ಷದ ಮೊದಲ ಟರ್ಮ್. ಟರ್ಮ್ ಅಂದರೆ ಬರೀ ಎಂಟು ವಾರ. ಆ ಎಂಟು ವಾರದಲ್ಲಿ ವಾರಕ್ಕೊಂದು, ಕೆಲವು ವಾರ ಎರಡು ಪ್ರಬಂಧ ಬರೆಯಬೇಕು. ಆಮೇಲೆ ಮೇಷ್ಟ್ರ ಕೋಣೆಯಲ್ಲಿ ಇನ್ನೊಬ್ಬ ವಿದ್ಯಾರ್ಥಿಯ ಜತೆ ಕೂತು ಒಂದು ಗಂಟೆ ಅದನ್ನು ಸಮರ್ಥಿಸಿಕೊಳ್ಳಬೇಕು. ಅದಕ್ಕೆ ಟ್ಯುಟೋರಿಯಲ್ ಅನ್ನುತ್ತಾರೆ. ಜತೆಗಾರ ಹುಡುಗ ಪುಸ್ತಕ ತೆರೆಯದೆ ಬಂದರೂ ಪಟಪಟ ಮಾತಾಡುತ್ತಾನೆ, ಇವಳು ಎಲ್ಲ ಓದಿಕೊಂಡು ಹೋಗಿ ಬಾಯಿ ಬಿಡುವುದಿಲ್ಲ. ಗೌನ್ ಹಾಕಿಕೊಂಡು ಊಟಕ್ಕೆ ಕೂರಬೇಕು, ಊಟಕ್ಕೆ ಮುಂಚೆ ಲ್ಯಾಟಿನ್ ಪ್ರಾರ್ಥನೆ. ರಜೆ ಬಂದರೆ ಕೋಣೆ ಖಾಲಿ ಮಾಡಬೇಕು. ಅಪ್ಪ ಸಾಲ ಮಾಡಿ ಕಳಿಸಿದ್ದಾರೆ. ಮೂರು ವಾರದಿಂದ ಸರಿಯಾಗಿ ನಿದ್ದೆ ಇಲ್ಲ. ಪ್ರಶ್ನೆ ಒಂದೇ: 'ಬಿಟ್ಟು ಬರಲಾ, ಇಲ್ಲಾ ಹಲ್ಲು ಕಚ್ಚಿಕೊಂಡು ಮುಗಿಸಲಾ?'

ಇಷ್ಟನ್ನು ನಾಲ್ಕು ಪುಟ ಬರೆದಿದ್ದಾಳೆ. ನಾಲ್ಕನೇ ಪುಟದ ಕೆಳಗೆ, ಸಹಿ ಹಾಕುವ ಮುಂಚೆ, ಬೇರೆ ಏನೋ ಹೇಳುತ್ತಾ ಹೀಗೊಂದು ಮಾತು ಬರುತ್ತದೆ: 'ಭಾನುವಾರ ಮನೆಗೆ ವಿಡಿಯೋ ಕಾಲ್ ಮಾಡುವಾಗ ಕಿಟಕಿಗೆ ಬೆನ್ನು ಹಾಕಿ ಕೂರುತ್ತೇನೆ, ಹಿಂದೆ ಗೋಪುರ ಕಾಣುತ್ತೆ. ಈಗ ನಾಲ್ಕೂಕಾಲಿಗೆಲ್ಲ ಕತ್ತಲಾಗುವುದರಿಂದ ಎರಡು ಗಂಟೆಗೇ ಮಾಡಿಬಿಡುತ್ತೇನೆ.'

ಗೋಪುರ ಕಾಣಲಿ ಅಂತ ಫೋನಿನ ಹೊತ್ತನ್ನೇ ಬದಲಾಯಿಸಿದ್ದೀಯ ಅಲ್ವಾ? ಗೌನು, ಲ್ಯಾಟಿನ್ನು, ಪ್ರಬಂಧ ಎಲ್ಲಕ್ಕೂ ಒಂದೊಂದು ಪ್ಯಾರಾ ಕೊಟ್ಟಿದ್ದೀಯ. ಇದಕ್ಕೆ ಮಾತ್ರ ಎರಡು ಸಾಲು. ನನಗೆ ಇಡೀ ಪತ್ರದಲ್ಲಿ ಕಂಡಿದ್ದೇ ಇದು. ಕುರ್ಚಿಯನ್ನು ಎಳೆದು, ಫೋನನ್ನು ಪುಸ್ತಕದ ರಾಶಿಗೆ ಒರಗಿಸಿ, ಹಾಸಿಗೆ ಮೇಲಿನ ಬಟ್ಟೆ ಕಾಣದ ಹಾಗೆ ಕೋನ ನೋಡಿಕೊಂಡು, ತಲೆ ಬಾಚಿ, ಎರಡು ಗಂಟೆಯ ಬೆಳಕಿನಲ್ಲಿ ಕೂರುತ್ತೀಯ. ಅಪ್ಪ 'ಊಟ ಆಯ್ತಾ' ಅನ್ನುತ್ತಾರೆ. ನೀನು 'ಆಯ್ತಪ್ಪ' ಅನ್ನುತ್ತೀಯ. ಇದು ಫೋನ್ ಕರೆ ಅಲ್ಲ. ವಾರಕ್ಕೊಂದು ನಾಟಕ. ವಾರಕ್ಕೊಂದು ಪ್ರಬಂಧದ ಜತೆ ಇದೂ ಒಂದು.

ಈ ಅಂಕಣ ಓದುವವರಿಗೆ ನನ್ನ ಹಳೆಯ ರಾಗ ಗೊತ್ತಿದೆ. ಗೊಣಗುವುದು ಆರೋಗ್ಯಕ್ಕೆ ಒಳ್ಳೆಯದು. ನಾನು ಓದಿದ್ದು ಯಾರೂ ಹೆಸರು ಕೇಳದ ಕಾಲೇಜಿನಲ್ಲಿ. ಮಳೆ ಬಂದರೆ ಕ್ಲಾಸಿನ ಮಧ್ಯೆ ಬಕೆಟ್ ಇಡುತ್ತಿದ್ದರು. ನಾವು ಮೂರು ವರ್ಷ ಮನಸಾರೆ ಬೈದುಕೊಂಡು, ನಗುತ್ತಾ ಪಾಸಾಗಿ ಬಂದೆವು. ಮನೆಯಲ್ಲೂ 'ಪಾಪ' ಅಂದರು. ನಿನಗೆ ಆ ಸೌಲಭ್ಯ ಇಲ್ಲ. ದೊಡ್ಡ ಹೆಸರಿನ ಜಾಗದಲ್ಲಿ ಓದುವುದರ ದೊಡ್ಡ ತೊಂದರೆ ಲ್ಯಾಟಿನ್ ಅಲ್ಲ ಮಗಳೇ, ಕಷ್ಟ ಅಂತ ಬಾಯಿಬಿಟ್ಟು ಹೇಳೋಕಾಗದೇ ಇರುವುದು. ಹೇಳಿದರೆ ಎದುರಿನವರು 'ಅಯ್ಯೋ, ಅಲ್ಲಿ ಸೀಟು ಸಿಗೋದೇ ಪುಣ್ಯ' ಅನ್ನುತ್ತಾರೆ. ಮಾತು ಅಲ್ಲಿಗೆ ಮುಗಿಯಿತು.

ಇನ್ನು ನಿನ್ನ ದೂರುಗಳಿಗೆ ಬರುತ್ತೇನೆ. ಎಲ್ಲದಕ್ಕೂ ನನ್ನ ಕನಿಕರ ಸಿಗುತ್ತದೆ ಅಂದುಕೊಳ್ಳಬೇಡ.

ಗೌನಿನ ಬಗ್ಗೆ ನನಗೆ ಅಷ್ಟೇನೂ ಬೇಜಾರಿಲ್ಲ. ಪರೀಕ್ಷೆಗೆ ಆ ಕಪ್ಪು ಬಿಳಿ ಬಟ್ಟೆ ಬೇಕೋ ಬೇಡವೋ ಅಂತ 2015ರಲ್ಲಿ ವಿದ್ಯಾರ್ಥಿಗಳನ್ನೇ ಕೇಳಿದರು. ಮುಕ್ಕಾಲು ಪಾಲು ಮಂದಿ ಬೇಕು ಅಂತಲೇ ಮತ ಹಾಕಿದರು. ಗೌನಿಗೆ ಹೂವನ್ನೂ ಸಿಕ್ಕಿಸಿಕೊಳ್ಳುತ್ತಾರೆ: ಮೊದಲ ಪರೀಕ್ಷೆಗೆ ಬಿಳಿ ಕಾರ್ನೇಷನ್ ಹೂವು, ನಡುವಿನವಕ್ಕೆ ಗುಲಾಬಿ ಬಣ್ಣದ್ದು, ಕೊನೆಯದಕ್ಕೆ ಕೆಂಪು. ಚೆನ್ನಾಗಿಯೇ ಇದೆ, ನನಗೂ ಇಷ್ಟವಾಯಿತು. ಆದರೆ ನೀನು ಹೇಳಿದ ಇನ್ನೊಂದು ಮಾತು ಚುಚ್ಚಿತು. ಮೊದಲ ವರ್ಷದ ಪರೀಕ್ಷೆಯಲ್ಲಿ ಡಿಸ್ಟಿಂಕ್ಷನ್ ಬಂದವರಿಗೆ ಉದ್ದನೆಯ ಗೌನು, ಉಳಿದವರಿಗೆ ತೋಳಿಲ್ಲದ ಮೋಟು ಗೌನು. ಒಂದೇ ಮೇಜಿನಲ್ಲಿ ಊಟಕ್ಕೆ ಕೂತಾಗ ಯಾರ ಅಂಕ ಎಷ್ಟು ಅಂತ ಬಟ್ಟೆಯೇ ಹೇಳುತ್ತದೆ. ಹಳೆಯ ಪದ್ಧತಿ ಅಂತ ಇದಕ್ಕೆ ಹೆಸರು. ಹಳೆಯದಾದ ಮಾತ್ರಕ್ಕೆ ಕೈ ಮುಗಿಯಬೇಕಿಲ್ಲ, ಇದು ನನ್ನ ಇನ್ನೊಂದು ರಾಗ. ಆಕ್ಸ್‌ಫರ್ಡ್‌ನಲ್ಲಿ 1096ರ ಹೊತ್ತಿಗೇ ಪಾಠ ನಡೆಯುತ್ತಿತ್ತಂತೆ. ಹೆಂಗಸರಿಗೆ ಡಿಗ್ರಿ ಕೊಟ್ಟಿದ್ದು 1920ರಲ್ಲಿ. ಅದಕ್ಕೆ ಮುಂಚೆ ಎಷ್ಟೋ ವರ್ಷ ಹುಡುಗಿಯರು ಅಲ್ಲೇ ಓದಿ, ಪರೀಕ್ಷೆ ಬರೆದು, ಪಾಸಾಗಿ, ಡಿಗ್ರಿ ಇಲ್ಲದೆ ಮನೆಗೆ ಹೋದರು. ಅದೂ ಹಳೆಯ ಪದ್ಧತಿಯೇ ಆಗಿತ್ತು.

ಆ ಮಾತಿನಮಲ್ಲ ಹುಡುಗನ ಮೇಲೆ ಒಂದು ಪುಟ ಸಿಟ್ಟು ತೀರಿಸಿಕೊಂಡಿದ್ದೀಯ. ಅಲ್ಲಿ ನಾನು ನಿನ್ನ ಕಡೆ ಇಲ್ಲ. ಅಲ್ಲಿ ಓದುವ ಬ್ರಿಟಿಷ್ ಹುಡುಗರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಖಾಸಗಿ ಶಾಲೆಗಳಿಂದ ಬಂದವರು. ಇಡೀ ದೇಶದ ಮಕ್ಕಳಲ್ಲಿ ಖಾಸಗಿ ಶಾಲೆಗೆ ಹೋಗುವವರು ನೂರಕ್ಕೆ ಏಳರ ಆಸುಪಾಸು. ಅಂಥ ಶಾಲೆಗಳಲ್ಲಿ ಹನ್ನೆರಡನೇ ವಯಸ್ಸಿಗೇ ನಿಲ್ಲಿಸಿ ಮಾತಾಡಿಸುತ್ತಾರೆ. ಗೊತ್ತಿಲ್ಲದ್ದನ್ನೂ ಗೊತ್ತಿರುವ ಹಾಗೆ ಶುರು ಮಾಡಿ, ಮಾತಾಡುತ್ತಲೇ ಯೋಚಿಸುವುದು ಅವನಿಗೆ ರೂಢಿಯಾಗಿದೆ. ನಿನಗೆ ಯೋಚಿಸಿ ಆಮೇಲೆ ಮಾತಾಡುವುದು ರೂಢಿ. ನೀನು ಯೋಚಿಸಿ ಮುಗಿಸುವಷ್ಟರಲ್ಲಿ ಗಂಟೆ ಮುಗಿದಿರುತ್ತದೆ. ಅವನದು ಮೋಸ ಅಲ್ಲ, ಅಭ್ಯಾಸ. ಟ್ಯುಟೋರಿಯಲ್‌ನಲ್ಲಿ ಹಿಂದಿನ ಬೆಂಚು ಅನ್ನುವುದೇ ಇಲ್ಲ. ಮಾತಾಡದಿದ್ದರೆ ಇರುವ ಒಂದು ಗಂಟೆಯೂ ಅವನಿಗೇ ಹೋಗುತ್ತದೆ, ಅದರ ಫೀಸು ನಿಮ್ಮಪ್ಪನೂ ಕಟ್ಟಿದ್ದಾರೆ.

ನಿನಗೆ ನಿಜವಾಗಿ ಅನ್ಯಾಯ ಆಗಿರುವುದು ಬೇರೆ ಕಡೆ. ಎರಡನೇ ವರ್ಷ ಪೂರ್ತಿ ನಿನ್ನ ಡಿಗ್ರಿಗೆ ಲೆಕ್ಕಕ್ಕೆ ಬರುವ ಒಂದು ಪರೀಕ್ಷೆಯೂ ಇಲ್ಲ. ಎಲ್ಲ ಮೂರನೇ ವರ್ಷದ ಕೊನೆಗೆ, ಕೆಲವೇ ವಾರದಲ್ಲಿ, ಎಂಟು ಪೇಪರ್. ಅಲ್ಲಿಯವರೆಗೆ ಪ್ರತಿ ವಾರ ಒಬ್ಬರು ನಿನ್ನ ಬರಹದಲ್ಲಿ ತಪ್ಪು ಹುಡುಕುತ್ತಾರೆ. ಅದೇ ಅವರ ಕೆಲಸ. ಶಾಲೆಯಲ್ಲಿ ಯಾವಾಗಲೂ ಮೊದಲು ಬಂದವಳಿಗೆ 'ಪರವಾಗಿಲ್ಲ, ಸರಿ ಹೋಗ್ತಿದ್ದೀಯ' ಅಂತ ಹೇಳುವ ಒಂದು ಕಾಗದವೂ ಕೈಗೆ ಬರುವುದಿಲ್ಲ. ರಜೆ ಅಂತ ಆರು ವಾರ ಕೊಡುತ್ತಾರೆ, ಜತೆಗೆ ಓದಬೇಕಾದ ಪುಸ್ತಕದ ಪಟ್ಟಿ ಕೊಡುತ್ತಾರೆ. ವಾಪಸ್ ಬಂದ ಕೂಡಲೇ ಕಲೆಕ್ಷನ್ಸ್ ಅಂತ ಟೆಸ್ಟ್ ಇಡುತ್ತಾರೆ. ಟರ್ಮ್ ನಡೆಯುವಾಗ ಪಾರ್ಟ್‌ಟೈಮ್ ಕೆಲಸ ಮಾಡಿದರೆ ಅವರಿಗೆ ಇಷ್ಟವಿಲ್ಲ. ಹಾಗಾಗಿ ಓದು ಬಿಟ್ಟು ಬೇರೆ ಯಾವುದರಲ್ಲೂ ನೀನು ಗೆಲ್ಲುವ ಅವಕಾಶವೇ ಇಲ್ಲ. ನಿನ್ನ ಪತ್ರ ಐದನೇ ವಾರದ್ದು. ಆ ವಾರದ ಮಂಕಿಗೆ ಅಲ್ಲಿ 'ಫಿಫ್ತ್ ವೀಕ್ ಬ್ಲೂಸ್' ಅಂತ ಹೆಸರೇ ಇದೆ. ಒಂದು ಊರಿನಲ್ಲಿ ಬೇಜಾರಿಗೆ ವಾರ ನಿಗದಿಯಾಗಿದೆ ಅಂದರೆ ಆ ಬೇಜಾರು ನಿನ್ನೊಬ್ಬಳದಲ್ಲ.

ಈಗ ಮಾಮನ ವಿಷಯ. ಇವರನ್ನು ನೀನು ಪತ್ರದಲ್ಲಿ ಬಹಳ ಮೃದುವಾಗಿ ಬಿಟ್ಟಿದ್ದೀಯ, ನಾನು ಬಿಡುವುದಿಲ್ಲ.

ಇಂಗ್ಲೆಂಡಿನಲ್ಲೇ ಮನೆ ಮಾಡಿರುವ ಸೋದರಮಾವ. ಕೋಣೆ ಖಾಲಿ ಮಾಡಿ, ಡಬ್ಬಗಳನ್ನು ಕಾಲೇಜಿನ ಸ್ಟೋರಿನಲ್ಲಿಟ್ಟು, ರಜೆಗೆ ಇವರ ಮನೆಗೆ ಹೋಗುತ್ತೀಯ. ಸೂರು ಕೊಟ್ಟಿದ್ದಾರೆ, ಅದಕ್ಕೆ ಕೃತಜ್ಞತೆ ಇರಲಿ. ಆದರೆ ಬಂದ ಅತಿಥಿಗಳ ಮುಂದೆಲ್ಲ ನಿನ್ನನ್ನು ನಿಲ್ಲಿಸಿ ಆ ಲ್ಯಾಟಿನ್ ಪ್ರಾರ್ಥನೆ ಹೇಳಿಸುತ್ತಾರೆ ಅಂತ ಬರೆದಿದ್ದೀಯಲ್ಲ! ಎಲ್ಲರೂ ಚಮಚ ಹಿಡಿದು ಕಾಯಬೇಕು, ನೀನು ಒಪ್ಪಿಸಬೇಕು. ವಿಡಿಯೋ ಕಾಲ್‌ನಲ್ಲಿ ಗೋಪುರ ತೋರಿಸು ಅಂತ ಮೊದಲು ಕೇಳಿದ್ದೂ ಇವರೇ, ನಿಮ್ಮಪ್ಪ ಅಲ್ಲ. ಅದರ ಸ್ಕ್ರೀನ್‌ಶಾಟ್ ತೆಗೆದು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿ 'ನಮ್ಮ ಆಕ್ಸ್‌ಫರ್ಡ್ ಹುಡುಗಿ' ಅಂತ ಬರೆದಿದ್ದೂ ಇವರೇ. ಆವತ್ತಿನಿಂದ ನೀನು ಕಿಟಕಿ ಬಿಟ್ಟು ಎದ್ದಿಲ್ಲ.

ಇನ್ನೊಂದು, 'ಗಿರೀಶ ಕಾರ್ನಾಡರು ಓದಿದ ಕೋರ್ಸು' ಅಂತ ಮಾತುಮಾತಿಗೂ ಹೇಳುತ್ತಾರಂತೆ. ನಿಜ, ಅವರು ರೋಡ್ಸ್ ಸ್ಕಾಲರ್‌ಶಿಪ್ ಪಡೆದು 1960ರಿಂದ 63ರವರೆಗೆ ಅಲ್ಲಿ ಓದಿದರು. ಆದರೆ ಇಲ್ಲಿ ಒಂದು ಡಿಗ್ರಿ ಮುಗಿಸಿಕೊಂಡು ಇಪ್ಪತ್ತೆರಡರ ವಯಸ್ಸಿಗೆ ಹೋದವರು. ಖರ್ಚು ನೋಡಿಕೊಳ್ಳುವುದಕ್ಕೆ ಸ್ಕಾಲರ್‌ಶಿಪ್ ಇತ್ತು. ನೀನು ಹೋದಾಗ ಶಾಲೆ ಬಿಟ್ಟು ನಾಲ್ಕು ತಿಂಗಳಾಗಿತ್ತು, ಹಿಂದೆ ಸಾಲ ಇತ್ತು. ಮಾಮನಿಗೆ ಈ ವ್ಯತ್ಯಾಸ ಯಾರೂ ಹೇಳಿಲ್ಲ ಅನಿಸುತ್ತದೆ. ಈಗ ಹೇಳಿದ್ದೇನೆ.

ಮಾಮನಿಗೆ ಇಲ್ಲ ಅನ್ನುವುದು ಹೇಗೆ ಅಂತ ಕೇಳುತ್ತೀಯ. ನಿಮ್ಮ ಊರಿನ ಬೋಡ್ಲಿಯನ್ ಲೈಬ್ರರಿಯ ಕಥೆ ನಿನಗೆ ಗೊತ್ತಿರಬೇಕು. ಅಲ್ಲಿ ಪುಸ್ತಕ ಹೊರಗೆ ಕೊಡುವ ಪದ್ಧತಿ ಇಲ್ಲ. 1645ರಲ್ಲಿ ರಾಜ ಮೊದಲನೇ ಚಾರ್ಲ್ಸ್ ಒಂದು ಪುಸ್ತಕ ಬೇಕು ಅಂತ ಹೇಳಿ ಕಳಿಸಿದ. ಲೈಬ್ರರಿಯನ್ ನಿಯಮ ತೋರಿಸಿ, ಕೊಡುವುದಕ್ಕೆ ಆಗುವುದಿಲ್ಲ ಅಂದ. ಅದೂ ರಾಜ ಅದೇ ಊರಿನಲ್ಲಿ ಸೈನ್ಯ ಇಟ್ಟುಕೊಂಡು ಕೂತಿದ್ದ ಕಾಲದಲ್ಲಿ. ಆ ಊರಿನಲ್ಲಿ ಕಲಿಯಬೇಕಾದ ಹಳೆಯ ಪದ್ಧತಿ ಯಾವುದಾದರೂ ಇದ್ದರೆ ಅದು ಇದು. 'ಮಾಮ, ಊಟ ತಣ್ಣಗಾಗುತ್ತೆ, ಇವತ್ತು ಪ್ರಾರ್ಥನೆ ಬೇಡ' ಅಂದು ಕೂತುಬಿಡು.

ಬಿಟ್ಟು ಬರಬೇಕಾ ಅನ್ನುವುದಕ್ಕೆ ನಾನು ಈಗ ಉತ್ತರ ಕೊಡುವುದಿಲ್ಲ. ನೀನೂ ಕೊಟ್ಟುಕೊಳ್ಳಬೇಡ. ಈ ಟರ್ಮ್ ಬಿಟ್ಟರೆ ಉಳಿದಿರುವುದು ಐದು ಟರ್ಮ್, ಅಂದರೆ ನಲವತ್ತು ವಾರ. ದೊಡ್ಡದೂ ಹೌದು, ಅಷ್ಟು ದೊಡ್ಡದೂ ಅಲ್ಲ. ಪೂರ್ತಿ ಬಿಡದೆ ನಡುವೆ ನಿಲ್ಲಿಸಿ ಮತ್ತೆ ಸೇರುವ ದಾರಿಯೂ ಇದೆ. ಅದಕ್ಕೆ ಅಲ್ಲಿನ ಹಳೆಯ ಮಾತು 'ರಸ್ಟಿಕೇಟ್'. ಹಳ್ಳಿಗೆ ಹೋಗುವುದು ಅಂತ ಅದರ ಮೂಲ ಅರ್ಥ. ಹೆಸರಿನಲ್ಲಿ ಅವಮಾನದ ವಾಸನೆ ಇದೆ, ಆದರೆ ಈಗ ಬೇರೆ ಬೇರೆ ಕಾರಣಕ್ಕೆ ಎಷ್ಟೋ ಮಂದಿ ಅದನ್ನು ಕೇಳಿ ಪಡೆಯುತ್ತಾರೆ. ನೀನು ಸ್ಟೂಡೆಂಟ್ ವೀಸಾದಲ್ಲಿ ಇರುವವಳು, ಓದು ನಿಲ್ಲಿಸಿದರೆ ವೀಸಾಕ್ಕೆ ಪೆಟ್ಟು ಬೀಳುತ್ತದೆ. ಹಾಗಾಗಿ ಯಾವ ಅರ್ಜಿಗೂ ಸಹಿ ಹಾಕುವ ಮೊದಲು ಕಾಲೇಜಿನವರ ಹತ್ತಿರ ಅದನ್ನು ಬಿಡಿಸಿ ಕೇಳು. ನಿದ್ದೆಯ ವಿಷಯಕ್ಕೆ ಕಾಲೇಜಿನ ಡಾಕ್ಟರ್ ಇದ್ದಾರೆ, ವಿಶ್ವವಿದ್ಯಾಲಯದ ಕೌನ್ಸೆಲಿಂಗ್ ಇದೆ, ದುಡ್ಡು ಕೊಡಬೇಕಿಲ್ಲ. ಮೂರು ವಾರ ನಿದ್ದೆಗೆಟ್ಟವರು ಸೀರೆಯ ಬಣ್ಣ ಆರಿಸಿದರೂ ತಪ್ಪಾಗುತ್ತದೆ. ಜೀವನದ ತೀರ್ಮಾನ ಬೇರೆ ಮಾತು. ಈ ವಾರವೇ ಹೋಗು.

ಆದರೆ ಅದೆಲ್ಲಕ್ಕಿಂತ ಮೊದಲು ಮಾಡಬೇಕಾದ್ದು ಒಂದೇ ಕೆಲಸ. ಬರುವ ಭಾನುವಾರ ಕುರ್ಚಿ ತಿರುಗಿಸು. ಕಿಟಕಿ ಕಡೆ ಮುಖ ಮಾಡಿ ಕೂತು ಫೋನ್ ಮಾಡು. ಅಪ್ಪನಿಗೆ ನಿನ್ನ ಹಿಂದಿನ ಹಾಸಿಗೆ ಕಾಣಲಿ, ಒಗೆಯದ ಬಟ್ಟೆ ಕಾಣಲಿ, ಗೋಡೆ ಕಾಣಲಿ. ಬೆಳಕು ನಿನ್ನ ಮುಖದ ಮೇಲೆ ಬೀಳುತ್ತದೆ, ಕಣ್ಣಿನ ಕೆಳಗಿನ ಕಪ್ಪೂ ಅವರಿಗೆ ಕಾಣುತ್ತದೆ. 'ಊಟ ಆಯ್ತಾ' ಅಂದಾಗ ಆಗಿಲ್ಲದಿದ್ದರೆ ಆಗಿಲ್ಲ ಅನ್ನು. ಆಮೇಲೆ 'ಅಪ್ಪಾ, ಇಲ್ಲಿ ಕಷ್ಟ ಆಗ್ತಿದೆ' ಅಂತ ಒಂದು ಮಾತು ಹೇಳಿ ಸುಮ್ನೆ ಕೂರು. ಸಾಲದ ಬಗ್ಗೆ ಸಮಾಧಾನ ಹೇಳಬೇಡ, 'ಆದರೂ ಪರವಾಗಿಲ್ಲ' ಅಂತ ಸೇರಿಸಬೇಡ. ಅವರು ಮಾತಾಡುವವರೆಗೆ ಕಾಯಿ. ಸಾಲ ಮಾಡಿದ್ದು ಅವರು, ಗೋಪುರಕ್ಕೆ ಅಲ್ಲ, ನಿನಗೆ.

ಏನಂದರು ಅಂತ ನನಗೆ ಬರಿ. ಮಾಮ ಆ ಸ್ಕ್ರೀನ್‌ಶಾಟನ್ನೂ ಗ್ರೂಪಿಗೆ ಹಾಕಿದರಾ ಅಂತಲೂ ಬರಿ.